ವರದೊಡನೆ ಬರುವ ಶಾಪ: ಪಾತ್ರಧಾರಣೆಯ ಆಟಗಳಲ್ಲಿ ಅಪಾಯಕರ ಮಾಂತ್ರಿಕ ವಸ್ತುಗಳ ವಿನಿಯೋಗ

೧

ಆಂಧ್ರದೇಶದಲ್ಲಿ ನೆಲಸಿರುವ ಕನ್ನಡಿಗರಿಗೆ ಎರಡು ಬೆಟ್ಟಗಳು ಚೆನ್ನಾಗಿ ಪರಿಚಿತವಾದುವು. ವಿಜಯವಾಡದಲ್ಲಿ ಕೃಷ್ಣಾನದಿಯ ದಡದ ಮೇಲೆ ಕನಕದುರ್ಗೆಯ ನೆಲೆಯಾದ ಇಂದ್ರಕೀಲಾದ್ರಿ ಒಂದು. ವಿಶಾಖಪಟ್ಟಣದ ಬಳಿ ವರಾಹ ಲಕ್ಷ್ಮೀನರಸಿಂಹನ ನೆಲೆಯಾದ ಸಿಂಹಾಚಲ ಮತ್ತೊಂದು. ಅರ್ಜುನನು ತಪಸ್ಸು ಮಾಡಿ ಪಾಶುಪತಾಸ್ತ್ರವನ್ನು ಪಡೆದದ್ದು ಮೊದಲನೆಯ ಬೆಟ್ಟದಲ್ಲಿ ಎಂದು ಸ್ಥಳೀಯರ ನಂಬಿಕೆ. ವಿಜಯನ ಹೆಸರೇ ಊರಿಗೆ ಬಂದಿತೆಂದು ಅವರು ಹೇಳುತ್ತಾರೆ. ಹಿರಣ್ಯಕಶಿಪು ತನ್ನ ಮಗನಾದ ಪ್ರಹ್ಲಾದನನ್ನು ತಳ್ಳಿಸಿದ್ದು ಎರಡನೆಯ ಬೆಟ್ಟದಿಂದ ಎಂದು ಸಿಂಹಾಚಲದ ಸ್ಥಳಪುರಾಣ. ವ್ಯಾಸಭಾರತದ ಇಂದ್ರಕೀಲ ಹಿಮಾಲಯದ ಕಡೆಯದು ಎಂಬುದನ್ನು ಸಂಶೋಧಕನು ಮರೆಯಲಾಗದು. ಆದರೂ ಜನರು ಒಂದು ಕಥೆಯನ್ನು ತಮ್ಮ ಊರಿನ ಬೆಟ್ಟಕ್ಕೆ ತಂದು ನಿಲ್ಲಿಸಿಕೊಂಡರೆಂದರೆ, ಆ ಕಥೆಯ ಸಾರ ಅವರಿಗೆ ಬೇಕಾಗಿತ್ತೆಂದೇ ಅರ್ಥ.

ಈ ಎರಡು ಕಥೆಗಳಲ್ಲಿಯೂ ಒಂದು ಸಮಾನಧರ್ಮವಿದೆ. ಅರ್ಜುನನಿಗೆ ದೊರೆತದ್ದು ಆಯುಧ, ಹಿರಣ್ಯಕಶಿಪುವಿಗೆ ದೊರೆತದ್ದು ವರ. ಎರಡೂ ಮಾನವಶಕ್ತಿಯನ್ನು ಮೀರಿದುವು, ಎರಡರೊಡನೆಯೂ ಕಟ್ಟಳೆಗಳಿದ್ದುವು. ಕಟ್ಟಳೆಯನ್ನು ಕಾದುಕೊಂಡವನು ಉಳಿದನು. ತನ್ನ ವರದ ಮಾತುಗಳಲ್ಲಿ ಸಂದೇ ಇಲ್ಲವೆಂದು ಮೆರೆದವನು ಆ ಸಂದಿನಿಂದಲೇ ಅಳಿದನು.

ಈ ಹಳೆಯ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಮನೆಗಳ ಮಕ್ಕಳು ರಜೆಯ ದಿನಗಳಲ್ಲಿ ಮೇಜಿನ ಸುತ್ತ ಕುಳಿತು ಹಲವು ಮುಖಗಳ ದಾಳಗಳನ್ನು ಉರುಳಿಸುತ್ತ, ತಾವು ವೀರರೆಂದೂ ಮಾಂತ್ರಿಕರೆಂದೂ ಕಲ್ಪಿಸಿಕೊಂಡು ಆಡುವ ಒಂದು ಆಟವಿದೆ. ಆ ಆಟದಲ್ಲಿ ಶಾಪಗ್ರಸ್ತವಾದ ಖಡ್ಗ, ಉಂಗುರ, ಮಣಿ ಮುಂತಾದುವು ಮೇಲಿಂದ ಮೇಲೆ ಬರುತ್ತವೆ. ಅವುಗಳನ್ನು ಹೇಗೆ ಬಳಸಿದರೆ ಆಟ ಬೆಳೆಯುತ್ತದೆ, ಹೇಗೆ ಬಳಸಿದರೆ ಕೆಡುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮುಚ್ಚಿಟ್ಟ ಶಾಪ ಬರಿಯ ಮೋಸ, ತಿಳಿಯಹೇಳಿದ ಶಾಪ ಧರ್ಮಸಂಕಟ. ಮೊದಲನೆಯದರಿಂದ ಕಥೆ ಹುಟ್ಟುವುದಿಲ್ಲ, ಎರಡನೆಯದರಿಂದ ಹುಟ್ಟುತ್ತದೆ.

೨

ಪಾತ್ರಧಾರಣೆಯ ಆಟವೆಂದರೇನೆಂಬುದನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಮೂರು ಸಣ್ಣ ಹೊತ್ತಗೆಗಳನ್ನು ಹೊರತಂದರು. ಈ ಬಗೆಯ ಆಟಗಳಿಗೆಲ್ಲ ಅದೇ ಮೂಲ. ಆಡುವವರಲ್ಲಿ ಒಬ್ಬನು ಸೂತ್ರಧಾರ; ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಸೂತ್ರಧಾರನು ಸನ್ನಿವೇಶವನ್ನು ಬಣ್ಣಿಸುತ್ತಾನೆ: ಕಾಡು, ಗುಹೆ, ಬಾಗಿಲು, ಬಾಗಿಲ ಹಿಂದೆ ಕೇಳಿಬರುವ ಸದ್ದು. ಪಾತ್ರಧಾರಿಗಳು ತಾವು ಮಾಡುವುದನ್ನು ಮಾತಿನಲ್ಲಿ ಹೇಳುತ್ತಾರೆ. ಸಂದೇಹಾಸ್ಪದವಾದ ಕಾರ್ಯ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಗೆದ್ದವರು ಸೋತವರು ಎಂಬುದು ಸಾಮಾನ್ಯವಾಗಿ ಇಲ್ಲ. ಎಲ್ಲರೂ ಕೂಡಿ ಒಂದು ಕಥೆಯನ್ನು ಕಟ್ಟುವುದೇ ಆಟದ ಫಲ.

ಕನ್ನಡಿಗನಿಗೆ ಇದು ಪೂರ್ತಿ ಅಪರಿಚಿತವಾದುದೇನಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತಾಳಮದ್ದಳೆಯನ್ನು ಬಲ್ಲವರು ಇದರ ಹತ್ತಿರದ ಬಂಧುವನ್ನು ಕಂಡವರೇ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ, ಕುಳಿತಲ್ಲಿಯೇ ಅರ್ಥಧಾರಿಗಳು ಕರ್ಣನಾಗಿ, ಕೃಷ್ಣನಾಗಿ, ವಾಲಿಯಾಗಿ ಆಶುವಾಗಿ ಮಾತನಾಡುತ್ತಾರೆ. ಮೊದಲೇ ಬರೆದಿಟ್ಟ ಸಂಭಾಷಣೆಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (೧೯೧೮-೨೦೦೬) ಅರ್ಥಧಾರಿಗಳನ್ನು ಕೇಳಿದವರಿಗೆ, ಕಥೆಯ ಕೊನೆ ಗೊತ್ತಿದ್ದರೂ ಮಾತಿನ ದಾರಿ ಹೇಗೆ ತೆರೆದಿರುತ್ತದೆ ಎಂಬುದು ನೆನಪಿರಬೇಕು. ಭೇದ ಒಂದೇ: ತಾಳಮದ್ದಳೆಯಲ್ಲಿ ಕರ್ಣನು ಎಷ್ಟು ಚೆನ್ನಾಗಿ ವಾದಿಸಿದರೂ ಕವಚವನ್ನು ಕೊಡಲೇಬೇಕು; ಈ ಆಟದಲ್ಲಿ ಕೊಡದೆಯೂ ಇರಬಹುದು. ಮಾತು ಮಾತ್ರವಲ್ಲ, ಕಥೆಯ ಕೊನೆಯೂ ಇಲ್ಲಿ ತೆರೆದಿದೆ. ಆದುದರಿಂದಲೇ ಪಾತ್ರಧಾರಿಯ ಆಯ್ಕೆಗೆ ಇಲ್ಲಿ ಅಷ್ಟು ಬೆಲೆ. ಆಯ್ಕೆಯನ್ನು ಕಿತ್ತುಕೊಂಡರೆ ಉಳಿಯುವುದು ದಾಳದ ಸದ್ದೊಂದೇ.

೩

ಅಪಾಯಕರ ವಸ್ತುಗಳು ಈ ಆಟದಲ್ಲಿ ಮೊದಲಿನಿಂದಲೂ ಇವೆ. ೧೯೭೪ರ ಹೊತ್ತಗೆಗಳಲ್ಲಿಯೇ ಬುದ್ಧಿಯೂ ಅಹಂಕಾರವೂ ಉಳ್ಳ ಖಡ್ಗಗಳು ಬರುತ್ತವೆ; ಒಡೆಯನ ಮನಸ್ಸು ಬಲಹೀನವಾದರೆ ಖಡ್ಗವೇ ಅವನನ್ನು ಆಳತೊಡಗುತ್ತದೆ. ೧೯೭೫ರಲ್ಲಿ ‘ಗ್ರೇಹಾಕ್’ ಎಂಬ ಅನುಬಂಧದಲ್ಲಿ ಒಂದು ಇಸ್ಪೀಟಿನ ಕಟ್ಟು ಕಾಣಿಸಿಕೊಂಡಿತು: ಅದರಿಂದ ಎಳೆದ ಒಂದು ಎಲೆ ದೊಡ್ಡ ಭಾಗ್ಯವನ್ನೇ ಕೊಡಬಹುದು, ಇನ್ನೊಂದು ಎಲೆ ಸರ್ವನಾಶ ಮಾಡಬಹುದು. ೧೯೭೬ರ ಅನುಬಂಧದಲ್ಲಿ ವೆಕ್ನಾ ಎಂಬ ದುಷ್ಟ ಮಾಂತ್ರಿಕನ ಕೈ ಮತ್ತು ಕಣ್ಣು ಬಂದುವು. ಅವುಗಳ ಶಕ್ತಿ ಬೇಕಾದವನು ಮೊದಲು ತನ್ನದೇ ಕೈಯನ್ನು ಕಡಿದುಕೊಳ್ಳಬೇಕು, ತನ್ನದೇ ಕಣ್ಣನ್ನು ಕಿತ್ತುಕೊಳ್ಳಬೇಕು. ಇವಲ್ಲದೆ, ನೋಡಲು ಒಳ್ಳೆಯ ಆಯುಧದಂತಿದ್ದು, ಹಿಡಿದ ಮೇಲೆ ಕೈಬಿಡದೆ ಅಂಟಿಕೊಂಡು, ಹೋರಾಟದಲ್ಲಿ ಒಡೆಯನನ್ನೇ ಸೋಲಿಸುವ ಖಡ್ಗಗಳು ಲೆಕ್ಕವಿಲ್ಲದಷ್ಟು ಇವೆ.

ಇವುಗಳನ್ನು ಸೂಕ್ಷ್ಮವಾಗಿ ನೋಡಿದರೆ ಎರಡು ಗುಂಪುಗಳಾಗುತ್ತವೆ. ಇಸ್ಪೀಟಿನ ಕಟ್ಟು, ವೆಕ್ನಾನ ಕೈ ಇವುಗಳ ಅಪಾಯ ಬಹಿರಂಗವಾದುದು. ಮುಂದಿನ ನಿಯಮಗ್ರಂಥಗಳ ಪ್ರಕಾರ, ಇಸ್ಪೀಟಿನ ಎಲೆಗಳನ್ನು ಎಳೆಯುವವನು ಎಷ್ಟು ಎಲೆ ಎಳೆಯುವೆನೆಂದು ಮೊದಲೇ ಹೇಳಬೇಕು. ಹೇಳಿದ ಮೇಲೆ ಹಿಂದೆಗೆಯುವಂತಿಲ್ಲ. ಆಟಗಾರರು ಐವತ್ತು ವರ್ಷಗಳಿಂದ ಅದರ ಕಥೆಗಳನ್ನು ಹೇಳಿಕೊಳ್ಳುತ್ತಿರುವುದು ಈ ಕಾರಣದಿಂದಲೇ. ಎರಡನೆಯ ಗುಂಪಿನ ಖಡ್ಗಗಳ ಅಪಾಯ ಗುಪ್ತವಾದುದು. ೨೦೧೪ರಲ್ಲಿ ಬಂದ ಸೂತ್ರಧಾರರ ಕೈಪಿಡಿ ಕೂಡ, ವಸ್ತುವಿನ ಗುಣವನ್ನು ತಿಳಿಸುವ ಮಂತ್ರಕ್ಕೂ ಶಾಪ ಸಾಮಾನ್ಯವಾಗಿ ಗೋಚರವಾಗದೆಂದೂ, ಅದು ಹೊರಬಿದ್ದಾಗ ಹಿಡಿದವನಿಗೆ ಅನಿರೀಕ್ಷಿತವಾಗಿರಬೇಕೆಂದೂ ಹೇಳುತ್ತದೆ. ಹಳೆಯ ಐತಿಹ್ಯಗಳಿಂದ ಸೂಚನೆ ಸಿಕ್ಕಬಹುದೆಂಬ ಒಂದು ಮಾತನ್ನು ಮಾತ್ರ ಸೇರಿಸಿದೆ. ಆ ಕಡೆಯ ಮಾತೇ ಮುಖ್ಯವಾದುದೆಂದು ನನ್ನ ವಾದ.

ಈ ಆಟಗಳು ಯಾವ ಸಾಹಿತ್ಯದಿಂದ ಹುಟ್ಟಿದುವೋ ಆ ಸಾಹಿತ್ಯವೂ ನನ್ನ ವಾದವನ್ನೇ ಬೆಂಬಲಿಸುತ್ತದೆ. ಉತ್ತರ ಯೂರೋಪಿನ ಪುರಾತನ ಕಥೆಯೊಂದರಲ್ಲಿ ಟಿರ್ಫಿಂಗ್ ಎಂಬ ಖಡ್ಗವಿದೆ. ಒರೆಯಿಂದ ಹೊರಬಂದಾಗಲೆಲ್ಲ ಅದಕ್ಕೆ ಒಬ್ಬನ ಪ್ರಾಣ ಬೇಕು. ಅದನ್ನು ಮಾಡಿಕೊಟ್ಟ ಕುಬ್ಜರು ಆ ಶಾಪವನ್ನು ಅರಸನ ಎದುರಿಗೇ ನುಡಿದರು. ಟೋಲ್ಕಿನ್ನರು ೧೯೫೪-೫೫ರಲ್ಲಿ ಪ್ರಕಟಿಸಿದ ಉಂಗುರದ ಮಹಾಕಥೆಯಲ್ಲಿ ಉಂಗುರದ ಅಪಾಯವನ್ನು ವೃದ್ಧ ಮಾಂತ್ರಿಕನು ನಾಯಕನಿಗೆ ಎರಡನೆಯ ಅಧ್ಯಾಯದಲ್ಲಿಯೇ ತಿಳಿಸಿಬಿಡುತ್ತಾನೆ. ಮುಂದಿನ ನೂರಾರು ಪುಟಗಳ ಬಿಗುವು ಆ ತಿಳಿವಿನಿಂದ ಹುಟ್ಟಿದುದು.

ಗುಪ್ತಶಾಪದ ಫಲವನ್ನು ನಾನೇ ಕಂಡಿದ್ದೇನೆ. ಒಂದು ಮಳೆಗಾಲದಲ್ಲಿ ವಿಶಾಖಪಟ್ಟಣದ ಕನ್ನಡ ಮನೆಯೊಂದರ ಹಜಾರದಲ್ಲಿ ಐವರು ಮಕ್ಕಳು ಆಡುತ್ತಿದ್ದರು. ಸೂತ್ರಧಾರನಾಗಿದ್ದ ಹುಡುಗನು ಗುಹೆಯೊಂದರಲ್ಲಿ ಹೊಳೆಯುವ ಖಡ್ಗವನ್ನಿಟ್ಟನು. ಎಲ್ಲರಿಗಿಂತ ಕಿರಿಯವನು ಸಂತೋಷದಿಂದ ಅದನ್ನು ಕೈಗೆತ್ತಿಕೊಂಡನು. ಮುಂದಿನ ಕಾಳಗದಲ್ಲಿ ಖಡ್ಗವು ಅವನ ಪಾತ್ರವನ್ನೇ ಕೊಂದಿತು. ಹುಡುಗನು ಅಳಲಿಲ್ಲ; ಎದ್ದು ಒಳಗೆ ಹೋದನು. ಎರಡು ವಾರ ಆಟ ನಿಂತಿತು. ಸೂತ್ರಧಾರನ ಸಮಾಧಾನ ಹೀಗಿತ್ತು: “ನಾನೇನೂ ಸುಳ್ಳು ಹೇಳಲಿಲ್ಲವಲ್ಲ, ಅವನು ಕೇಳಲೇ ಇಲ್ಲ.” ಮಾತು ನಿಜವೇ. ಆದರೆ ಕೇಳಬೇಕೆಂದು ತಿಳಿಯಲು ಕಿರಿಯನಿಗೆ ಒಂದು ಗುರುತಾದರೂ ಇರಬೇಡವೇ? ಆ ಹುಡುಗನು ತಪ್ಪು ಮಾಡಿ ಸೋತಿದ್ದರೆ ಅದು ಕಥೆಯಾಗುತ್ತಿತ್ತು. ಏನನ್ನೂ ಮಾಡದೆ ಸೋತದ್ದರಿಂದ ಅದು ಬರಿಯ ಅವಘಡವಾಯಿತು. ಅವನು ಆ ಬಳಿಕ ದಾರಿಯಲ್ಲಿ ಕಂಡ ಯಾವ ವಸ್ತುವನ್ನೂ ಮುಟ್ಟದಾದನು. ಸೂತ್ರಧಾರನ ಮೇಲಣ ನಂಬಿಕೆ ಹೋದ ಮೇಲೆ ಆಟದ ಲೋಕದ ಮೇಲಣ ಕುತೂಹಲವೂ ಹೋಗುತ್ತದೆ.

೪

ಈ ವಿಷಯದಲ್ಲಿ ಭಾರತದ ಕವಿಗೆ ಇದ್ದ ಎಚ್ಚರವನ್ನು ಈಗ ನೋಡಬಹುದು. ಇಂದ್ರಕೀಲದ ಪ್ರಸಂಗ ಕನ್ನಡಿಗರಿಗೆ ಪಂಪನಿಂದಲೂ ಕುಮಾರವ್ಯಾಸನಿಂದಲೂ ಪರಿಚಿತ. ಪಂಪನ ಪೂರ್ವಿಕರು ವೆಂಗಿನಾಡಿನವರೆಂಬುದನ್ನು ಇಲ್ಲಿ ನೆನೆಯುವುದು ಅನುಚಿತವಾಗದು. ವಿಜಯವಾಡ ಆ ನಾಡಿಗೆ ಸೇರಿದುದೇ. ೯೪೧ರಲ್ಲಿ ಅರ್ಜುನನನ್ನು ನಾಯಕನನ್ನಾಗಿ ಮಾಡಿ ಭಾರತವನ್ನು ಹೇಳಿದ ಕನ್ನಡದ ಆದಿಕವಿ ವೆಂಗಿಯ ಮನೆತನದವನು. ನಮ್ಮಂತೆ ಅವನ ಹಿರಿಯರೂ ಎರಡು ನುಡಿಗಳ ನಡುವೆ ಬಾಳಿದವರು.

ವ್ಯಾಸಭಾರತದ ವನಪರ್ವದಲ್ಲಿ ಶಿವನು ಪಾಶುಪತವನ್ನು ಕೊಡುವಾಗ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ಇದನ್ನು ದುಡುಕಿ ಯಾರ ಮೇಲೂ ಪ್ರಯೋಗಿಸಕೂಡದು, ಅಲ್ಪಬಲನ ಮೇಲೆ ಬಿಟ್ಟರೆ ಜಗತ್ತನ್ನೆಲ್ಲ ಸುಡುವುದು. ಆಯುಧ ಎಷ್ಟು ದೊಡ್ಡದೋ ಅದನ್ನು ಬಳಸುವ ಸಂದರ್ಭ ಅಷ್ಟು ಕಿರಿದು. ಅದೇ ಪರ್ವದಲ್ಲಿ ಮುಂದೆ, ಇಂದ್ರಲೋಕದಿಂದ ಮರಳಿದ ತಮ್ಮನನ್ನು ಧರ್ಮರಾಯನು ದಿವ್ಯಾಸ್ತ್ರಗಳನ್ನು ತೋರಿಸೆಂದು ಕೇಳುತ್ತಾನೆ. ಅರ್ಜುನನು ತೋರಿಸಲು ತೊಡಗುತ್ತಲೇ ನೆಲ ನಡುಗುತ್ತದೆ. ನಾರದನು ಬಂದು ತಡೆಯುತ್ತಾನೆ. ಗುರಿಯಿಲ್ಲದೆ ಪ್ರಯೋಗಿಸಬೇಡ, ಗುರಿಯಿದ್ದರೂ ಆಪತ್ತಿಲ್ಲದೆ ಪ್ರಯೋಗಿಸಬೇಡ ಎಂಬುದು ಅವನ ಮಾತಿನ ತಾತ್ಪರ್ಯ. ಒಡಹುಟ್ಟಿದವರ ಸಹಜವಾದ ಕುತೂಹಲವೇ ಲೋಕಕ್ಕೆ ಅಪಾಯವಾಗುವ ಈ ಸನ್ನಿವೇಶಕ್ಕಿಂತ ಒಳ್ಳೆಯ ಪಾಠ ಸೂತ್ರಧಾರನಿಗೆ ಬೇಕಿಲ್ಲ.

ಕಟ್ಟಳೆಯನ್ನು ಮುರಿದವನ ಕಥೆ ಶ್ರುತಾಯುಧನದು. ವರುಣನು ಮಗನಿಗೆ ಒಂದು ಗದೆಯನ್ನು ಕೊಟ್ಟು, ಯುದ್ಧಮಾಡದವನ ಮೇಲೆ ಇದನ್ನೆಸೆದರೆ ನಿನ್ನ ಮೇಲೆಯೇ ತಿರುಗಿ ಬೀಳುವುದೆಂದು ಹೇಳಿದ್ದನು. ದ್ರೋಣಪರ್ವದಲ್ಲಿ ಶ್ರುತಾಯುಧನು ಕೋಪದ ಭರದಲ್ಲಿ ಆ ಗದೆಯನ್ನು ಸಾರಥಿಯಾದ ಕೃಷ್ಣನ ಮೇಲೆ ಎಸೆಯುತ್ತಾನೆ. ಗದೆ ಮರಳಿ ಅವನನ್ನೇ ಕೊಲ್ಲುತ್ತದೆ. ಅವನ ಸಾವಿಗೆ ಗದೆ ಕಾರಣವಲ್ಲ, ಮರೆವು ಕಾರಣ. ಕೇಳುವವನಿಗೆ ಅನ್ಯಾಯವೆನಿಸುವುದಿಲ್ಲ, ಅಯ್ಯೋ ಎನಿಸುತ್ತದೆ. ಕಿರಿಯ ಹುಡುಗನ ಖಡ್ಗಕ್ಕೂ ಈ ಗದೆಗೂ ಇರುವ ಅಂತರ ಇಷ್ಟೇ.

ಕಟ್ಟಳೆಯನ್ನು ತಿಳಿದು ಅದರೊಳಗೇ ದಾರಿ ಹುಡುಕಿದವರ ಕಥೆ ಜಯದ್ರಥನ ವಧೆ. ಇವನ ತಲೆಯನ್ನು ಯಾರು ನೆಲಕ್ಕೆ ಕೆಡಹುವರೋ ಅವರ ತಲೆ ನೂರು ಹೋಳಾಗಲಿ ಎಂದು ತಂದೆಯಾದ ವೃದ್ಧಕ್ಷತ್ರನು ನುಡಿದಿದ್ದನು. ಕೃಷ್ಣನು ಅದನ್ನು ಅರ್ಜುನನಿಗೆ ಸಕಾಲದಲ್ಲಿ ತಿಳಿಸುತ್ತಾನೆ. ಅರ್ಜುನನ ಬಾಣಗಳು ಆ ತಲೆಯನ್ನು ಹೊತ್ತೊಯ್ದು ಸಂಧ್ಯೆಯಲ್ಲಿ ಕುಳಿತಿದ್ದ ತಂದೆಯ ಮಡಿಲಿಗೆ ಹಾಕುತ್ತವೆ. ಅವನು ಏಳುವಾಗ ತಲೆ ನೆಲಕ್ಕುರುಳಿ ಶಾಪ ಅವನಿಗೇ ತಗಲುತ್ತದೆ. ಶಾಪದ ಮಾತುಗಳು ಗೊತ್ತಿಲ್ಲದಿದ್ದರೆ ಈ ಚಾತುರ್ಯಕ್ಕೆ ಎಡೆಯೆಲ್ಲಿ? ಆಟದಲ್ಲಿ ಪಾತ್ರಧಾರಿಗಳ ಬುದ್ಧಿ ಬೆಳಗುವುದು ಇಂಥ ಕಡೆಗಳಲ್ಲಿ.

ಮೂರನೆಯದು ಕರ್ಣನ ಕಥೆ. ಇಂದ್ರನು ಕವಚಕುಂಡಲಗಳ ಬದಲಿಗೆ ಕೊಟ್ಟ ಶಕ್ತ್ಯಾಯುಧಕ್ಕೆ ಎರಡು ಕಟ್ಟಳೆಗಳು: ಒಬ್ಬ ಶತ್ರುವನ್ನು ಮಾತ್ರ ಕೊಂದು ಅದು ಇಂದ್ರನಲ್ಲಿಗೆ ಹಿಂದಿರುಗುವುದು, ಬೇರೆ ಆಯುಧಗಳಿರುವಾಗ, ಪ್ರಾಣಾಪಾಯವಿಲ್ಲದಿರುವಾಗ ಬಿಟ್ಟರೆ ಬಿಟ್ಟವನ ಮೇಲೆಯೇ ಬೀಳುವುದು. ಅರ್ಜುನನಿಗೆಂದು ಕಾದಿಟ್ಟ ಆ ಶಕ್ತಿ ಹದಿನಾಲ್ಕನೆಯ ದಿನದ ಇರುಳಿನಲ್ಲಿ ಘಟೋತ್ಕಚನ ಮೇಲೆ ವೆಚ್ಚವಾಗುತ್ತದೆ. ತನ್ನ ಸೇನೆಯನ್ನು ಈಗ ಉಳಿಸಿಕೊಳ್ಳುವುದೇ, ತನ್ನ ಪ್ರತಿಜ್ಞೆಗಾಗಿ ನಾಳೆಗೆ ಇಟ್ಟುಕೊಳ್ಳುವುದೇ ಎಂಬ ಸಂಕಟವನ್ನು ಆಯುಧದ ಕಟ್ಟಳೆಯೇ ಸೃಷ್ಟಿಸಿತು. ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಇಂದ್ರನು ಬ್ರಾಹ್ಮಣವೇಷದಿಂದ ಬರುವ ಮೊದಲೇ ಸೂರ್ಯನು ಕನಸಿನಲ್ಲಿ ಬಂದು ಕರ್ಣನಿಗೆ ಎಲ್ಲವನ್ನೂ ತಿಳಿಸಿದ್ದನು. ಆ ಒಂದು ಸನ್ನಿವೇಶವನ್ನು ತೆಗೆದುಹಾಕಿ ಕಥೆಯನ್ನು ಓದಿ ನೋಡಿ: ಕರ್ಣನು ವಂಚನೆಗೊಳಗಾದವನು ಮಾತ್ರ ಆಗುತ್ತಾನೆ. ಸೂರ್ಯನು ಎಚ್ಚರಿಸಿದುದರಿಂದಲೇ ಅವನು ದಾನಶೂರನಾದನು. ತಿಳಿದೂ ಕೊಡುವುದು ದಾನ; ತಿಳಿಯದೆ ಕಳೆದುಕೊಳ್ಳುವುದು ನಷ್ಟ.

ನಾಲ್ಕನೆಯದು ಅಶ್ವತ್ಥಾಮನ ಬ್ರಹ್ಮಶಿರಾಸ್ತ್ರ. ದ್ರೋಣನು ಅದನ್ನು ಮಗನಿಗೆ ಒಲ್ಲದ ಮನಸ್ಸಿನಿಂದ ಕೊಟ್ಟನು. ಎಂಥ ಆಪತ್ತಿನಲ್ಲಿಯೂ ಮನುಷ್ಯರ ಮೇಲೆ ಬಿಡಬೇಡವೆಂದನು. ಸೌಪ್ತಿಕಪರ್ವದ ಕೊನೆಯಲ್ಲಿ ಅಶ್ವತ್ಥಾಮನು ಅದನ್ನು ಬಿಡುತ್ತಾನೆ, ಅರ್ಜುನನು ಪ್ರತಿಯಾಗಿ ಬಿಡುತ್ತಾನೆ. ಎರಡರ ನಡುವೆ ವ್ಯಾಸನಾರದರು ನಿಲ್ಲುತ್ತಾರೆ. ವ್ರತಶುದ್ಧನಾದ ಅರ್ಜುನನು ತನ್ನದನ್ನು ಹಿಂತೆಗೆಯಬಲ್ಲನು, ಅಶ್ವತ್ಥಾಮನಿಗೆ ಆಗದು. ಆ ಅಸ್ತ್ರ ಕಡೆಗೆ ಉತ್ತರೆಯ ಗರ್ಭದ ಮೇಲೆ ಬೀಳುತ್ತದೆ. ಬಿಟ್ಟವನ ತಪ್ಪಿಗೆ ಹುಟ್ಟದ ಕೂಸು ತೆತ್ತಿತು. ಬೆಲೆ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಎತ್ತದ ಮಾಂತ್ರಿಕ ವಸ್ತು ಆಟದಲ್ಲಿ ಆಟಿಕೆಯಾಗಿಯೇ ಉಳಿಯುತ್ತದೆ.

೫

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ವಿಸ್ಮಯರಸ ಎಲ್ಲಿ ಉಳಿಯಿತು? ಬಾಗಿಲ ಹಿಂದೆ ಏನಿದೆಯೆಂದು ತಿಳಿದ ಮೇಲೆ ಬಾಗಿಲನ್ನು ತೆರೆಯುವುದರಲ್ಲಿ ಸ್ವಾರಸ್ಯವೇನು?

ಆಕ್ಷೇಪ ಸಹಜವಾದುದು. ಉತ್ತರ ಇದು: ತಿಳಿಯಹೇಳುವುದೆಂದರೆ ಎಲ್ಲವನ್ನೂ ಪಟ್ಟಿಮಾಡಿ ಓದುವುದಲ್ಲ, ಅರಿಯಬಯಸಿದವನಿಗೆ ಅರಿಯುವ ದಾರಿಯನ್ನು ತೆರೆದಿಡುವುದು. ಗಣೇಶನ ಚೌತಿಯಂದು ನಮ್ಮ ಮನೆಗಳಲ್ಲಿ ಹೇಳುವ ಸ್ಯಮಂತಕದ ಕಥೆಯನ್ನು ನೆನೆಯಿರಿ. ದಿನವೂ ಚಿನ್ನವನ್ನು ಕೊಡುವ ಆ ಮಣಿ ಶುಚಿಯಾದವನನ್ನು ಕಾಯುತ್ತದೆ, ಅಶುಚಿಯಾದವನನ್ನು ಕೊಲ್ಲುತ್ತದೆ ಎಂದು ವಿಷ್ಣುಪುರಾಣ ಹೇಳುತ್ತದೆ. ಪ್ರಸೇನನು ಅದನ್ನು ಕೊರಳಲ್ಲಿ ಧರಿಸಿ ಬೇಟೆಗೆ ಹೋಗಿ ಸಿಂಹಕ್ಕೆ ಬಲಿಯಾದನು. ಮಣಿಯ ಗುಣ ಗೊತ್ತಿದ್ದ ವಾಚಕನಿಗೆ ಪ್ರಸೇನನು ಕುದುರೆಯೇರಿದ ಗಳಿಗೆಯಿಂದಲೇ ಎದೆ ಹೊಡೆದುಕೊಳ್ಳುತ್ತದೆ. ತಿಳಿವು ವಿಸ್ಮಯವನ್ನು ಕೊಲ್ಲಲಿಲ್ಲ. ಅದನ್ನು ಆತಂಕವಾಗಿ ಮಾಗಿಸಿತು.

ಭಸ್ಮಾಸುರನ ವರವೂ ಅಂಥದೇ. ತಲೆಯ ಮೇಲೆ ಕೈಯಿಟ್ಟರೆ ಬೂದಿ ಎಂಬುದು ಎಲ್ಲರಿಗೂ ಗೊತ್ತು. ಆ ಕೈ ಅವನ ತಲೆಗೇ ಹೇಗೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ಯಕ್ಷಗಾನದ ಪ್ರೇಕ್ಷಕರು ಮೋಹಿನಿಯ ಒಂದೊಂದು ಹೆಜ್ಜೆಯನ್ನೂ ಕಣ್ಣರಳಿಸಿ ನೋಡುವುದು ಅದಕ್ಕಾಗಿಯೇ. ತೆಲುಗರ ಮೆಚ್ಚಿನ ಚಲಚ್ಚಿತ್ರವಾದ ‘ಪಾತಾಳಭೈರವಿ’ಯಲ್ಲಿಯೂ (೧೯೫೧) ಬೇಡಿದ್ದನ್ನೆಲ್ಲ ಕೊಡುವ ಬೊಂಬೆಗೆ ಒಂದು ಗುಣವುಂಟು: ಯಾರ ಕೈಯಲ್ಲಿದೆಯೋ ಅವರ ಆಳು. ನಾಯಕನಿಗೆ ಅರಮನೆಯನ್ನು ಕಟ್ಟಿಕೊಟ್ಟ ಬೊಂಬೆಯೇ ಮಾಂತ್ರಿಕನ ಕೈಗೆ ಹೋದಾಗ ಅವನ ಎಲ್ಲವನ್ನೂ ಕಿತ್ತೊಯ್ಯುತ್ತದೆ. ಅಲ್ಲಿ ಶಾಪವೆಂಬ ಹೆಸರೇ ಇಲ್ಲ. ವಸ್ತುವಿನ ಸ್ವಭಾವವೇ ಅಪಾಯ.

ಆದುದರಿಂದ ಮೂರು ಮೆಟ್ಟಿಲುಗಳನ್ನು ಗುರುತಿಸಬಹುದು. ಅಪಾಯ ಸ್ಪಷ್ಟವಾಗಿ ತಿಳಿದಿರುವುದು ಮೊದಲನೆಯದು, ಅದು ಉತ್ತಮ. ಗುರುತುಗಳಿಂದ ಊಹಿಸಬಹುದಾದುದು ಎರಡನೆಯದು. ಅದು ಮಧ್ಯಮ, ಹದವರಿತು ಬಳಸಿದರೆ ಬಹಳ ರಮ್ಯ. ಖಡ್ಗದ ಪಕ್ಕದಲ್ಲಿ ಅದೇ ಖಡ್ಗದಿಂದ ಗಾಯಗೊಂಡ ಒಡೆಯನ ಅಸ್ಥಿಪಂಜರವಿದ್ದರೆ ಕಿರಿಯ ಹುಡುಗನೂ ಎರಡು ಸಲ ಯೋಚಿಸುತ್ತಿದ್ದನು. ಯಾವ ಗುರುತೂ ಇಲ್ಲದೆ ಗುಪ್ತವಾಗಿರುವುದು ಮೂರನೆಯದು, ಅದು ವರ್ಜ್ಯ.

೬

ಇನ್ನು ವಿನಿಯೋಗದ ಮಾತು. ಸೂತ್ರಧಾರನು ಇಂಥ ವಸ್ತುವನ್ನು ಆಟಕ್ಕೆ ತರುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದರ ಶಕ್ತಿ ನಿಜವಾಗಿಯೂ ಬೇಕೆನಿಸುವಂಥದೇ? ಶಕ್ತಿ ಅಲ್ಪವಾಗಿ ಅಪಾಯ ಅಧಿಕವಾದರೆ ಯಾರೂ ಮುಟ್ಟರು, ಸಂಕಟವೂ ಹುಟ್ಟದು. ಇದನ್ನು ಬೇಡವೆನ್ನಲು ಅವಕಾಶವಿದೆಯೇ? ನಿರಾಕರಿಸಲಾಗದ ಕೊಡುಗೆ ಕೊಡುಗೆಯಲ್ಲ. ಬೆಲೆಯನ್ನು ಮೊದಲು ತೆರುವವನು ಹಿಡಿದವನೇ ಅಥವಾ ಜೊತೆಗಾರರೇ? ಜೊತೆಗಾರರಾದರೆ ಮೇಜಿನ ಸುತ್ತ ಕುಳಿತವರೆಲ್ಲರ ಸಮ್ಮತಿ ಬೇಕು. ಒಬ್ಬನ ಆಸೆಗೆ ಉಳಿದವರ ಸಂಜೆ ಹಾಳಾಗಬಾರದು. ಕಡೆಯದಾಗಿ, ಬಿಡುಗಡೆಯ ದಾರಿಯುಂಟೇ? ದಾರಿ ದುರ್ಗಮವಾಗಿರಲಿ, ಇಲ್ಲದಂತಿರಬಾರದು.

ಎಷ್ಟು ಸಲ ತರಬೇಕೆಂಬುದಕ್ಕೆ ಸಿಂಹಾಚಲವೇ ಉತ್ತರ ಹೇಳುತ್ತದೆ. ಅಲ್ಲಿನ ಉಗ್ರಮೂರ್ತಿಯನ್ನು ವರ್ಷವಿಡೀ ಚಂದನದ ಲೇಪದಿಂದ ಮುಚ್ಚಿರುತ್ತಾರೆ. ವೈಶಾಖ ಶುದ್ಧ ತದಿಗೆಯ ಒಂದು ದಿನ ಮಾತ್ರ ನಿಜರೂಪದರ್ಶನ. ಉಗ್ರವಾದುದನ್ನು ತಂಪಿನಲ್ಲಿಟ್ಟು ಅಪರೂಪಕ್ಕೆ ತೋರಿಸಬೇಕೆಂಬ ಈ ವಿವೇಕವನ್ನು ಸೂತ್ರಧಾರನೂ ಪಾಲಿಸಿದರೆ, ವರ್ಷಕ್ಕೊಂದು ಶಾಪವಸ್ತು ಸಾಕಾಗುತ್ತದೆ.

ಮೇಲೆ ಹೇಳಿದ ಮಕ್ಕಳ ಆಟ ಮತ್ತೆ ಮೊದಲಾದಾಗ, ಸೂತ್ರಧಾರನು ನನ್ನಲ್ಲಿಗೆ ಬಂದು ಒಂದು ವಸ್ತುವನ್ನು ಕಲ್ಪಿಸಿಕೊಡಬೇಕೆಂದು ಕೇಳಿದನು. ನಾನು ಹೇಳಿದ್ದು ತಾಳೆಗರಿಯ ಒಂದು ಕಟ್ಟನ್ನು. ಕೇಳಿದ ಪ್ರಶ್ನೆಗೆಲ್ಲ ಅದು ನಿಜವಾದ ಉತ್ತರವನ್ನು ಕೊಡುತ್ತದೆ. ಆದರೆ ಒಂದೊಂದು ಉತ್ತರಕ್ಕೂ ಕೇಳಿದವನು ಒಂದು ಕನ್ನಡ ಮಾತನ್ನು ತೆರಬೇಕು. ತೆತ್ತ ಮಾತನ್ನು ಆಟ ಮುಗಿಯುವವರೆಗೆ ಆಡುವಂತಿಲ್ಲ. ಕಟ್ಟಿನ ಮೇಲಣ ಪಟ್ಟಿಯಲ್ಲಿಯೇ ಈ ಕಟ್ಟಳೆ ಬರೆದಿರುತ್ತದೆ.

ಮಕ್ಕಳು ನಕ್ಕರು. ಇಷ್ಟು ಅಗ್ಗವೇ ಎಂದರು. ಮೊದಲ ಉತ್ತರಕ್ಕೆ ‘ಹಗೇವು’ ಎಂಬ ಮಾತನ್ನು ತೆತ್ತರು. ನೆಲದೊಳಗೆ ಕಾಳು ತುಂಬಿಡುವ ಹಗೇವನ್ನು ಅವರಾರೂ ಕಂಡವರಲ್ಲ. ಸೂತ್ರಧಾರನು ಬುದ್ಧಿವಂತ, ದಿನವೂ ಆಡುವ ಮಾತನ್ನೇ ಕೊಡಬೇಕೆಂದು ಕಟ್ಟಳೆಯನ್ನು ಬಿಗಿಮಾಡಿದನು. ಒಬ್ಬನು ‘ಮೊಸರು’ ಕೊಟ್ಟನು, ಹೇಗೂ ಬಾಯಿಗೆ ‘ಪೆರುಗು’ ಬರುತ್ತದೆಂದು. ಇನ್ನೊಬ್ಬನು ‘ಬದನೆಕಾಯಿ’ ಕೊಟ್ಟನು, ‘ವಂಕಾಯ’ ಇದೆಯಲ್ಲ ಎಂದನು. ಒಳಗೆ ಕೆಲಸ ಮಾಡುತ್ತಿದ್ದ ಮನೆಯಾಕೆ ಬಾಗಿಲಿಗೆ ಬಂದು ನಿಂತರು. ಕಡೆಯ ಉತ್ತರ ಎಲ್ಲಕ್ಕಿಂತ ಮುಖ್ಯವಾದುದು; ಬೆಟ್ಟದೊಳಗಿನ ಗುಪ್ತದ್ವಾರ ಎಲ್ಲಿದೆಯೆಂಬುದು. ಅದಕ್ಕೆ ಗ್ರಂಥವು ತಾನೇ ಮಾತನ್ನು ಆರಿಸುವುದೆಂದು ಹೇಳಿ ಸೂತ್ರಧಾರನು ‘ಅಜ್ಜಿ’ ಎಂಬ ಮಾತನ್ನು ಕೇಳಿದನು.

ಸರದಿ ಒಬ್ಬ ಹುಡುಗಿಯದಾಗಿತ್ತು. “ಅದನ್ನ ಕೊಡೋಕಾಗಲ್ಲ” ಎಂದಳು. ಆಟ ಮುಗಿಯುವವರೆಗೆ ತಾನೆ ಎಂದು ಉಳಿದವರು ಒತ್ತಾಯಿಸಿದರು. “ಆಟ ಮುಗಿಯೋಕೆ ಇನ್ನೂ ನಾಲ್ಕು ವಾರ ಇದೆ. ಭಾನುವಾರ ಫೋನ್ ಮಾಡಿದಾಗ ಏನಂತ ಕರೀಲಿ? ಅಮ್ಮಮ್ಮ ಅಂದ್ರೆ ಅವರಿಗೆ ಯಾರೋ ಬೇರೆಯವರನ್ನ ಕರೆದ ಹಾಗಾಗತ್ತೆ.” ಕಟ್ಟಳೆ ಆಟದೊಳಗಿನದು, ಫೋನಿಗೆ ಸೇರದು ಎಂದು ಸೂತ್ರಧಾರನು ವಿವರಿಸಿದರೂ ಅವಳು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಅನಂತರ ಹಿಂದೆ ಖಡ್ಗದಿಂದ ಸತ್ತಿದ್ದ ಕಿರಿಯ ಹುಡುಗನೇ, ಬಾಗಿಲು ಬೇಡ, ಬೆಟ್ಟವನ್ನು ಬಳಸಿಕೊಂಡು ಹೋಗೋಣ ಎಂದನು. ಅವರು ಮೂರು ಸಂಜೆ ಬೆಟ್ಟವನ್ನು ಬಳಸಿದರು. ದಾರಿಯಲ್ಲಿ ಇಬ್ಬರು ಗಾಯಗೊಂಡರು. ಯಾರೂ ಎದ್ದುಹೋಗಲಿಲ್ಲ.

ಇದರಲ್ಲಿ ನಮಗೆ ಗಮನಾರ್ಹವಾದುದು ಎರಡು ಅಂಶ. ಅಪಾಯಕರ ವಸ್ತುವಿನ ಉತ್ತಮವಾದ ವಿನಿಯೋಗ ಕೆಲವೊಮ್ಮೆ ಅದನ್ನು ಬಳಸದೆ ಬಿಡುವುದರಲ್ಲಿಯೇ ಇದೆ. ಪಾಶುಪತವನ್ನು ಪಡೆದ ಅರ್ಜುನನ ಹಿರಿಮೆ ಅದನ್ನು ಪಡೆದುದರಲ್ಲಿ ಎಷ್ಟೋ ಅದನ್ನು ತಡೆದಿಟ್ಟುಕೊಂಡುದರಲ್ಲಿಯೂ ಅಷ್ಟೇ ಇದೆ. ಆದರೆ ಬೇಡವೆನ್ನಬೇಕಾದರೆ ಬೆಲೆ ಮೊದಲೇ ತಿಳಿದಿರಬೇಕು. ಎರಡನೆಯದು, ಯಾವ ಮಾತು ಅಗ್ಗ, ಯಾವುದು ದುಬಾರಿ ಎಂಬುದನ್ನು ಆ ಮಕ್ಕಳಿಗೆ ನಾವು ಯಾರೂ ಉಪದೇಶಿಸಿರಲಿಲ್ಲ. ಹೊರನಾಡಿನಲ್ಲಿರುವವರ ಮಾತುಗಳು ಹೀಗೆ ಒಂದೊಂದಾಗಿ, ಇನ್ನೊಂದು ಇದೆಯಲ್ಲ ಎಂಬ ಸಮಾಧಾನದೊಡನೆ, ದಿನವೂ ಸಂದಾಯವಾಗುತ್ತಲೇ ಇರುತ್ತವೆ. ಆ ವ್ಯವಹಾರದ ಕಟ್ಟಳೆಯನ್ನು ಯಾರೂ ಪಟ್ಟಿಯ ಮೇಲೆ ಬರೆದು ತೋರಿಸುವುದಿಲ್ಲ. ಮೇಜಿನ ಮೇಲೆ ಅದು ಬರೆದು ಕಂ‍ಡಿತು. ಕಂಡಾಗ ಒಬ್ಬಳು ಕೈ ಹಿಂದೆಗೆದಳು.

ಈ ಆಟಗಳು ಕಾಲಹರಣವೆಂದೂ, ದಾಳವುಳ್ಳದ್ದೆಲ್ಲ ದ್ಯೂತವೆಂದೂ ಭಾವಿಸುವ ಹಿರಿಯರು ನಮ್ಮಲ್ಲಿದ್ದಾರೆ. ಇಲ್ಲಿ ಪಣವಿಲ್ಲ, ಪ್ರತಿಸ್ಪರ್ಧಿಯಿಲ್ಲ, ಮಾತಿದೆ, ವಿಚಾರವಿದೆ. ನಮ್ಮ ಸಂಘಗಳು ನಾಟಕಕ್ಕೂ ತಾಳಮದ್ದಳೆಗೂ ಎಡೆಮಾಡಿಕೊಟ್ಟಂತೆ ತಿಂಗಳಿಗೊಂದು ಸಂಜೆ ಈ ಮಕ್ಕಳಿಗೂ ಒಂದು ಮೇಜನ್ನು ಕೊಟ್ಟು, ಆಟವನ್ನು ಕನ್ನಡದಲ್ಲಿ ಆಡಿಸುವುದಾದರೆ, ಭಾರತ ಭಾಗವತಗಳ ಆಯುಧಗಳೂ ವರಗಳೂ ಅವುಗಳ ಕಟ್ಟಳೆಗಳೊಡನೆ ಅಲ್ಲಿಗೆ ಬರಬಹುದು. ಆಸಕ್ತರಾದವರು ಶ್ರುತಾಯುಧನ ಗದೆಯಿಂದ ಪ್ರಾರಂಭಿಸಲೆಂದು ನನ್ನ ಸೂಚನೆ. ಅದರ ಕಟ್ಟಳೆ ಒಂದೇ ವಾಕ್ಯದ್ದು, ಮಕ್ಕಳು ಮರೆಯಲಾರರು.